ಹನ್ನೆರಡು ಮುಚ್ಚಳ

ಲೆನ್ಸ್ ಒಡೆದಿತ್ತು. ಉಜ್ಜಿ ನುಣುಪು ಮಾಡಲು ಎರಡು ವರ್ಷ ಹಿಡಿದ ಗಾಜು, ಈಗ ಮೇಜಿನ ತುಂಬ ಚೂರು ಚೂರು.

ದೊಡ್ಡ ದೂರದರ್ಶಕಕ್ಕೆಂದು ತಯಾರಾಗುತ್ತಿದ್ದ ಕ್ಯಾಮೆರಾದ ಲೆನ್ಸ್ ಅದು. ಕಣ್ಣಿಗೆ ಕಾಣದ ಅವಕೆಂಪು ಬೆಳಕಿನಲ್ಲಿ ಆಕಾಶದ ಅಗಲವಾದ ತುಂಡನ್ನು ಒಂದೇ ಏಟಿಗೆ ಹಿಡಿಯಬೇಕಿತ್ತು. ಅದನ್ನು ಕಟ್ಟುತ್ತಿದ್ದವರು ಒಬ್ಬ ಅಣ್ಣ, ಒಬ್ಬಳು ತಂಗಿ. ವಿನ್ಯಾಸ ತಂಗಿಯದು, ಮುಖ್ಯಸ್ಥೆಯೂ ಅವಳೇ. ಬೆಳಕನ್ನು ಚಿತ್ರವಾಗಿಸುವ ಹದಿನಾರು ಸೆನ್ಸರ್‌ಗಳ ಹೊಣೆ ಅವಳ ಸ್ವಂತ ಅಣ್ಣನದು.

"ಬೀಗದ ಕೈ ಇರೋದು ಅಣ್ಣ, ತಂಗಿ, ಕಸ ಗುಡಿಸೋಳು, ಈ ಮೂವರ ಹತ್ರ. ಈ ಮುಖ್ಯಸ್ಥೆಯೇ ಕೈ ಜಾರಿ ಬೀಳಿಸಿದಾಳೆ," ಎಂದರು ಲ್ಯಾಬಿನ ನಿರ್ದೇಶಕರು. "ಸಂಜೆಯೊಳಗೆ ಬೇರೆ ಯಾರೋ ಮಾಡಿದ್ದು ಅಂತ ಗೊತ್ತಾಗದಿದ್ರೆ ಮುಖ್ಯಸ್ಥರನ್ನ ಬದಲಾಯಿಸ್ತೀನಿ."

ತಂಗಿ ತುಟಿ ಕಚ್ಚಿ ನಿಂತಿದ್ದಳು. ತನಿಖೆಗೆ ಬಂದಿದ್ದ ಇನ್ಸ್‌ಪೆಕ್ಟರಮ್ಮ ಅಣ್ಣನತ್ತ ನೋಡಿದಳು. ಹೋದ ವರ್ಷ ಆಕೆಯ ತಂಗಿಯೇ ಆಕೆಗೆ ಮೇಲಧಿಕಾರಿಯಾಗಿ ಬಂದಿದ್ದಳು. ಒಡಹುಟ್ಟಿದವರಿಗೆ ಸೆಲ್ಯೂಟ್ ಹೊಡೆಯುವಾಗ ಹೊಟ್ಟೆ ಹೇಗೆ ಉರಿಯುತ್ತದೆಂದು ಆಕೆಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

* * *

"ನಾನು ಹೊಸ್ತಿಲೇ ದಾಟಿಲ್ಲ ಮೇಡಂ," ಎಂದಳು ಕಸ ಗುಡಿಸುವವಳು. "ಒಳಗೆ ಧೂಳು ಬೀಳಬಾರದು ಅಂತ ಕಾಲಿಗೆ ಚೀಲ, ತಲೆಗೆ ಚೀಲ, ಆ ತಾಪತ್ರಯ ಯಾರಿಗೆ ಬೇಕು?"

ಇನ್ಸ್‌ಪೆಕ್ಟರಮ್ಮ ಮೇಜಿನತ್ತ ಬಾಗಿದಳು. ಲೆನ್ಸಿನ ಪಕ್ಕದಲ್ಲೇ ಸೆನ್ಸರ್‌ಗಳ ಹಲಗೆ. ಹನ್ನೆರಡಕ್ಕೆ ಮುಚ್ಚಳವಿತ್ತು, ನಾಲ್ಕಕ್ಕಿರಲಿಲ್ಲ. ಗಾಜಿನ ಪುಡಿ ಮುಚ್ಚಳಗಳ ಮೇಲಿತ್ತು, ಕೆಳಗೆ ಒಂದು ಕಣವೂ ಇರಲಿಲ್ಲ.

"ಮುಚ್ಚಿದ್ದು ನೀವಾ?" ಎಂದು ತಂಗಿಯನ್ನು ಕೇಳಿದಳು.

"ಇಲ್ಲ," ಎಂದಳು ತಂಗಿ. "ನಾನು ಊಟಕ್ಕೆ ಹೋದಾಗ ಹದಿನಾರೂ ತೆರೆದೇ ಇದ್ವು."

* * *

ಇನ್ಸ್‌ಪೆಕ್ಟರಮ್ಮ ಎಲ್ಲರೆದುರೇ ಅಣ್ಣನನ್ನು ಕೇಳಿದಳು.

"ಪಾಪ, ನಿಮ್ಮ ನಾಲ್ಕು ಸೆನ್ಸರ್ ಹಾಳಾದ್ವಲ್ಲ ಸರ್?"

ಅವನು ನಕ್ಕ. "ಅವು ಡಮ್ಮಿ. ಅಳತೆ ನೋಡೋಕೆ ಬೆಳಿಗ್ಗೆ ನಾನೇ ಕೂರಿಸಿದ್ದು."

"ನೋಡೋಕೆ ಎಲ್ಲಾ ಒಂದೇ ಥರ ಇದಾವೆ. ತಂಗಿಗೆ ಗೊತ್ತಿತ್ತಾ?"

"ಅವಳಿಗೆಲ್ಲಿಂದ ಗೊತ್ತು? ಹೆಸರು ಮಾತ್ರ ಅವಳದು. ಯಾವುದು ಅಸಲಿ ಅಂತ ಹೇಳೋನು ಇಡೀ ಲ್ಯಾಬಲ್ಲಿ ನಾನೊಬ್ಬನೇ!"

ಬಾಯಿ ಬಿಟ್ಟರೆ ಬಣ್ಣಗೇಡು ಎನ್ನುವುದು ಸುಮ್ಮನಲ್ಲ.

"ಲೆನ್ಸ್ ಜಾರಿ ಬಿದ್ದಿಲ್ಲ," ಎಂದಳು ಇನ್ಸ್‌ಪೆಕ್ಟರಮ್ಮ. "ಮೊದಲು ಮುಚ್ಚಿ, ಆಮೇಲೆ ಒಡೆದಿದಾರೆ. ಅದಕ್ಕೇ ಪುಡಿ ಮುಚ್ಚಳದ ಮೇಲಿದೆ. ಮುಚ್ಚಿದವರು ಅಸಲಿ ಹನ್ನೆರಡನ್ನೇ ಆರಿಸಿ ಮುಚ್ಚಿದಾರೆ. ತಂಗಿಯ ಕೂಸನ್ನ ಕೊಲ್ಲೋಕೆ ಬಂದವರು, ನಿಮ್ಮ ಕೂಸಿಗೆ ಹೊದಿಸಿ ಹೋದ್ರಿ."

ಅಣ್ಣನ ಮುಖ ಕಪ್ಪಿಟ್ಟಿತು. ತಡೆದಿಟ್ಟದ್ದೆಲ್ಲ ಒಮ್ಮೆಲೇ ಹೊರಬಂತು. "ಇವಳಿಗೆ ಲೆನ್ಸ್ ಹಿಡಿಯೋದು ಕಲಿಸಿದ್ದೇ ನಾನು! ಎಲ್ಲಿ ನೋಡಿದ್ರೂ ತಂಗಿ, ತಂಗಿ. ನನ್ನನ್ನ ಕೇಳೋರೇ ಇಲ್ಲ!"

ನಿರ್ದೇಶಕರು ತಲೆ ತಗ್ಗಿಸಿ, "ಮುಖ್ಯಸ್ಥೆ ನೀವೇ ಅಮ್ಮಾ," ಎಂದರು. ತಂಗಿಗೆ ಅದು ಕೇಳಿಸಿದಂತಿರಲಿಲ್ಲ.

"ಲೆನ್ಸ್ ಇನ್ನೊಂದು ಮಾಡಿಸ್ತೀನಿ ಅಣ್ಣ," ಎಂದಳು. "ಆದ್ರೆ ಈ ಹನ್ನೆರಡನ್ನ ಜೋಡಿಸೋಕೆ ನಿನ್ನ ಬಿಟ್ರೆ ಯಾರಿಗೆ ಬರುತ್ತೆ?"