ಹನ್ನೊಂದು ಕುರ್ಚಿ, ಒಂದು ಸ್ಟೂಲ್

ಹೊಳೆ ದಾಟಿದ ಹತ್ತು ಪೆದ್ದರು ದಡದಲ್ಲಿ ನಿಂತು ತಲೆ ಎಣಿಸುತ್ತಾರೆ. ಎಣಿಸುವವನು ತನ್ನನ್ನು ಬಿಟ್ಟೇ ಎಣಿಸುತ್ತಾನೆ. ಒಂಬತ್ತೇ ಸಿಕ್ಕಿತೆಂದು ಎಲ್ಲರೂ ಸೇರಿ ಅಳುತ್ತಾರೆ. ಅಜ್ಜಿ ಈ ಕಥೆ ಹೇಳಿದಾಗಲೆಲ್ಲ ನಾನು ಬಿದ್ದು ಬಿದ್ದು ನಗುತ್ತಿದ್ದೆ.

ಆ ಭಾನುವಾರ ನಗು ಬರಲಿಲ್ಲ.

ನಮ್ಮ ಪುಟ್ಟ ಕ್ರೈಸ್ತ ಸಭೆ ಅಂದರೆ ಟೈಲರ್ ಅಂಗಡಿಯ ಮೇಲಿನ ಬಾಡಿಗೆ ಹಾಲ್. ಹನ್ನೊಂದು ಮಡಚುವ ಕುರ್ಚಿ, ಒಂದು ಕೀಬೋರ್ಡ್, ಅದರ ಹಿಂದೆ ನನ್ನ ಸ್ಟೂಲ್. ಕೀಬೋರ್ಡ್ ನುಡಿಸುವುದು, ಹಾಜರಿ ಬರೆದು ಸೋಮವಾರ ಮುಖ್ಯ ಕಚೇರಿಗೆ ಕಳಿಸುವುದು ನನ್ನ ಕೆಲಸ. ಉಳಿದದ್ದೆಲ್ಲ ಪಾಸ್ಟರಾಗಿದ್ದ ಅವನದು. ಪ್ರಸಂಗ, ಪ್ರಾರ್ಥನೆ, ಕಸ ಗುಡಿಸುವುದು, ಕಾಯಿಲೆಯವರ ಮನೆ ಸುತ್ತುವುದು. ಎದುರಿಗೆ ನಾನು ‘ಪಾಸ್ಟರ್, ನೀವು’ ಅನ್ನುತ್ತಿದ್ದೆ. ಮನಸ್ಸಿನೊಳಗೆ ಮಾತ್ರ ‘ಅವನು’.

ಆರಾಧನೆ ಮುಗಿದು ಎಲ್ಲರೂ ಕಣ್ಣೊರೆಸಿಕೊಂಡು ಇಳಿದುಹೋಗಿದ್ದರು. ಅವನು ಮುಖ್ಯ ಕಚೇರಿಯಿಂದ ಬಂದ ಪತ್ರ ಓದಿ ಹೇಳಿದ್ದ: ಪಾಸ್ಟರನ್ನು ಬಿಟ್ಟು ಹನ್ನೆರಡು ಜನವಾದರೂ ಇರಬೇಕು, ಮೂರು ತಿಂಗಳಿಂದ ಇಲ್ಲ, ಸಭೆ ಮುಚ್ಚಬೇಕು, ಪಾಸ್ಟರ್ ನಾಳೆಯೇ ಬೇರೆ ಊರಿಗೆ. ಇಂಥದೊಂದು ನಿಯಮವಿದೆಯೆಂದು ಅವನು ಮೊದಲು ಬಾಯಿಬಿಟ್ಟಿರಲಿಲ್ಲ. ಯಾರೂ ಹೆದರಬಾರದಂತೆ!

ಕುರ್ಚಿ ಮಡಚುತ್ತಿದ್ದವನು ಹಾಜರಿ ಪುಸ್ತಕ ತೆರೆದು ನಿಂತುಬಿಟ್ಟ.

“ಇದರಲ್ಲಿ ನಿಮ್ಮ ಹೆಸರೆಲ್ಲಿ?”

ವೈರ್ ಸುತ್ತುತ್ತಿದ್ದ ನನ್ನ ಕೈ ನಿಂತಿತು.

“ಒಂದು ವಾರನಾದ್ರೂ? ಇಲ್ವಲ್ಲ! ಹನ್ನೊಂದು ಜನ, ನೀವು ಸೇರಿದ್ರೆ ಹನ್ನೆರಡು. ನಿಮ್ಮನ್ನೇ ಮರೆತುಬಿಟ್ರಾ?”

“ಮರೀಲಿಲ್ಲ.”

“ಮತ್ತೆ?”

ಓಡಿಹೋಗಬೇಕೆನಿಸಿತು. ಬಾಗಿಲ ಬಳಿ ಅವನಿದ್ದ.

“ಬೇಕಂತಲೇ ಬರೀಲಿಲ್ಲ. ಹಾಜರಿ ದೇವರಿಗೋಸ್ಕರ ಬಂದವರದು ತಾನೇ? ನಾನು... ನಾನು ನಿಮಗೋಸ್ಕರ ಬರ್ತಿದ್ದೆ. ಬೈಬಲ್ ತೆರೆಯೋ ಮೊದಲು ಕನ್ನಡಕ ಒರೆಸ್ಕೋತೀರಲ್ಲ, ಅದನ್ನ ನೋಡೋಕೆ. ಸುಳ್ಳು ಹಾಜರಿ ಹೇಗೆ ಬರೀಲಿ?”

ಅವನು ಕನ್ನಡಕ ತೆಗೆದ. ಒರೆಸಿದ. ಮತ್ತೆ ಒರೆಸಿದ. ಹಾಕಿಕೊಳ್ಳಲೇ ಇಲ್ಲ.

“ಈಗಲೇ ಫೋನ್ ಮಾಡಿ ಪಾಸ್ಟರ್. ತಪ್ಪು ನಂದು ಅಂತ ಹೇಳಿ. ಕಾಲಿಗೆ ಬೀಳ್ತೀನಿ.”

ಮಾಡಿದ. ಸ್ಪೀಕರಿನಲ್ಲಿ ಮುಖ್ಯ ಕಚೇರಿಯ ಹಿರಿಯರ ದನಿ ಮೃದುವಾಗಿಯೇ ಇತ್ತು. “ಹಾಲ್ ಬೇರೆಯವರಿಗೆ ಕೊಟ್ಟಾಯ್ತಪ್ಪ. ನೀನು ಹೊರಡು.”

ನಾನು ಸ್ಟೂಲಿನ ಮೇಲೆ ಕುಸಿದೆ. ನನ್ನ ಮೊಂಡು ಪ್ರಾಮಾಣಿಕತೆ ಇಡೀ ಸಭೆಯನ್ನು ನುಂಗಿತ್ತು. ಅವನನ್ನೂ.

“ಒಂದು ಕೇಳ್ಲಾ?” ಅವನು ನೆಲದ ಮೇಲೇ ಕೂತ. “ನಂಗೆ ಜ್ವರ ಬಂದ ವಾರ ಬೀಗ ತೆಗೆದಿದ್ದು ಯಾರು?”

“ನಾನು.”

“ವಾಕ್ಯ ಓದಿದ್ದು? ಗಂಡನ್ನ ನೆನೆಸ್ಕೊಂಡು ಅಳ್ತಿದ್ದ ಟೈಲರ್ ಆಂಟಿ ಪಕ್ಕ ಕೂತಿದ್ದು?”

“ನಾನೇ.”

“ಆ ವಾರ ನಾನಿರ್ಲಿಲ್ಲ. ಯಾರಿಗೋಸ್ಕರ ಬಂದೆ?”

ಅವನು ಮೊದಲ ಸಲ ‘ನೀವು’ ಬಿಟ್ಟು ಮಾತಾಡಿದ್ದಷ್ಟೇ ಕಿವಿಯಲ್ಲಿ ನಿಂತಿತ್ತು.

“ಅವರನ್ನ ಚೆದುರೋಕೆ ಬಿಡಬೇಡ. ಹಾಲ್ ಇಲ್ದಿದ್ರೆ ಯಾರದಾದ್ರೂ ಮನೆ. ಆ ಊರಿಗೆ ಇನ್ನೊಬ್ಬ ಪಾಸ್ಟರ್ ಸಿಗೋವರೆಗೆ ನಾನು ಅಲ್ಲಿ ಇರ್ಲೇಬೇಕು. ಆಮೇಲೆ ಇಲ್ಲಿಗೇ ಬರ್ತೀನಿ.”

“ಇಲ್ಲಿ ಪಾಸ್ಟರ್ ಕೆಲಸವೇ ಇರಲ್ವಲ್ಲ!”

“ಪಾಸ್ಟರ್ ಆಗಿ ಅಲ್ಲ. ಹದಿಮೂರನೆಯವನಾಗಿ. ಕೀಬೋರ್ಡ್ ಶುರು ಮಾಡೋ ಮೊದಲು ಜಡೆ ಹಿಂದಕ್ಕೆ ಎಸೀತೀಯಲ್ಲ, ಅದನ್ನ ನೋಡೋಕೆ. ಅದರಿಂದ ಪ್ರಸಂಗದ ಎಷ್ಟು ಸಾಲು ಮರೆತಿದೀನಿ ಗೊತ್ತಾ?”

ಅಳುತ್ತಲೇ ನಕ್ಕೆ. ಮರುದಿನ ಬೆಳಿಗ್ಗೆ ಅವನ ಬಸ್ಸು ತಿರುವು ದಾಟುವಾಗ ನಗುವೂ ಇರಲಿಲ್ಲ, ಅಳುವೂ ಬರಲಿಲ್ಲ. ಕೈಯಲ್ಲಿ ಹಾಜರಿ ಪುಸ್ತಕವಿತ್ತು, ಅಷ್ಟೆ.

ಮುಂದಿನ ಭಾನುವಾರ ಟೈಲರ್ ಆಂಟಿಯ ಮನೆಯಲ್ಲಿ ಸೇರಿದೆವು. ಹೊಲಿಗೆ ಯಂತ್ರವನ್ನು ಗೋಡೆಗೆ ಸರಿಸಿ ಜಾಗ ಮಾಡಿದೆವು, ಕುರ್ಚಿ ನಾನು ಹಾಕಿದೆ. ವಾಕ್ಯವನ್ನು ನಾನೇ ಕೊನೆಯವರೆಗೂ ಓದಿದೆ. ಹಾಜರಿಯ ಕೊನೆಗೆ ನನ್ನ ಹೆಸರು ಬರೆದೆ. ಹನ್ನೆರಡು.

ಆಂಟಿ ಕುರ್ಚಿಗಳತ್ತ ಕಣ್ಣು ಹಾಯಿಸಿದರು. “ಏ ಹುಡುಗಿ, ಒಂದು ಜಾಸ್ತಿ ಹಾಕಿದೀಯಲ್ಲೇ. ಎಣಿಸೋಕೆ ಬರಲ್ವಾ ನಿಂಗೆ?”

“ಈಗ ಬರುತ್ತೆ ಆಂಟಿ,” ಎಂದೆ. ಕುರ್ಚಿ ತೆಗೆಯಲಿಲ್ಲ.