ಸ್ಟುಡಿಯೋ ಪಾಸ್ ಮಾಡಿದೆ!

"ಪಾಸ್ ಅಂದ್ರೆ ಬೇಡ ಅಂತಾನಾ?!"

ಗಗನಾ ಪೇಢೆಯ ಡಬ್ಬಿಯನ್ನು ಸಿದ್ಧಾಂತನ ಮೇಜಿನ ಮೇಲೆ ಕುಕ್ಕಿದಳು. ತಂಜಾಂಗ್ ಪಗಾರ್‌ನ ಆ ಆಫೀಸಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ನೋಡಲಿ!

ಅಮೆರಿಕದ ಸಿನಿಮಾ ಸ್ಟುಡಿಯೋ ಒಂದಕ್ಕೆ ಇಲ್ಲಿಂದ ಕಥೆ ಹುಡುಕಿ ಕಳಿಸುವುದು ಸಿದ್ಧಾಂತನ ಕೆಲಸ. ಆರು ತಿಂಗಳು, ಪ್ರತಿ ಶನಿವಾರ, ಹಾಕರ್ ಸೆಂಟರ್‌ನ ತಿಂಡಿ ಅಂಗಡಿಗಳ ನಡುವೆ ಎದುರು ಕೂತು, ಅವಳು ತನ್ನ ಅಜ್ಜಿಯ ಬಗ್ಗೆ ಬರೆದ ಚಿತ್ರಕಥೆ ತಿದ್ದಿಸಿದ್ದ. ಅವಳ ಮನಸ್ಸು ಅವನತ್ತ ಜಾರಿದ್ದೂ ಅಲ್ಲೇ. ನಿನ್ನೆ ಅವನಿಂದ ಬಂದದ್ದು ಒಂದೇ ಸಾಲು: 'ಸ್ಟುಡಿಯೋ ಪಾಸ್ ಮಾಡಿದೆ.'

ಪಾಸ್! ಮಗಳು ಗೆದ್ದಳು ಅಂತ ಅಮ್ಮ ಬುಕಿತ್ ಪಂಜಾಂಗ್‌ನಲ್ಲಿ, ಫ್ಲಾಟುಗಳ ಕೆಳಗಿನ ತೆರೆದ ವಾಯ್ಡ್ ಡೆಕ್‌ನಲ್ಲಿ ನಿಂತು ಇಡೀ ಬ್ಲಾಕಿಗೆ ಧಾರವಾಡ ಪೇಢೆ ಹಂಚಿದ್ದಳು...

"ಹಾಲಿವುಡ್‌ನಲ್ಲಿ ಬೇಡ ಅನ್ನೋಕೆ ಹಾಗೇ ಹೇಳ್ತಾರೆ ಗಗನಾ. ನಾನೂ ಅದೇ ಮಾತು ಟೈಪ್ ಮಾಡ್ಬಿಟ್ಟೆ... ಸಾರಿ."

"ನೆಟ್ಟಗೆ ಬೇಡ ಅನ್ನೋಕೂ ಬಾಯಿಲ್ವಾ ಅವರಿಗೆ? ಯಾಕೆ ಬೇಡ್ವಂತೆ?"

ಅವನು ತಲೆ ತಗ್ಗಿಸಿದ. "ನಿಮ್ಮ ಈರವ್ವಜ್ಜಿ ಜಾಗಕ್ಕೆ ಅಮೆರಿಕದಿಂದ ಬಂದ ಟೂರಿಸ್ಟ್ ಹೀರೋ ಹಾಕಿ ಅಂದ್ರು. ನಾನು ಆಗಲ್ಲ ಅಂದೆ."

ಇದೇ ಊರಿನ ಕಲ್ಲಾಂಗ್‌ನಲ್ಲಿ ಮನೆಮನೆಗೆ ರೊಟ್ಟಿ ತಟ್ಟಿಕೊಟ್ಟು ಮೂವರು ಮಕ್ಕಳನ್ನು ಓದಿಸಿದವಳು ಆ ಅಜ್ಜಿ! ನೂರು ವರ್ಷದಿಂದ ಹಾಲಿವುಡ್‌ನದು ಇದೇ ಆಟ. ಊರು ನಮ್ಮದು, ನಾಯಕ ಮಾತ್ರ ಅವರವನು. ಗಗನಾಳ ಮೈಯೆಲ್ಲ ಉರಿಯಿತು. ಆದರೆ ಅದಕ್ಕಿಂತ ಹೆಚ್ಚು ಉರಿದದ್ದು ಇನ್ನೊಂದಕ್ಕೆ.

"ನನ್ನ ಕೇಳದೇನೇ ಆಗಲ್ಲ ಅಂದ್ರಾ?"

"ಕೇಳಿದ್ರೆ ನೀವೇನು ಅಂತಿದ್ರಿ?"

"ಆಗಲ್ಲ ಅಂತಲೇ ಅಂತಿದ್ದೆ! ಆದ್ರೆ ಅದನ್ನ ನಾನು ಹೇಳ್ಬೇಕಿತ್ತು. ನನ್ನ ಅಜ್ಜಿ, ನನ್ನ ಕಥೆ!"

ಅವಳ ಕಣ್ಣು ತುಂಬಿತು. ಅವನು ಚಿತ್ರಕಥೆಯ ಕಟ್ಟನ್ನು ಮೆಲ್ಲನೆ ಅವಳತ್ತ ಸರಿಸಿದ.

"ತಪ್ಪಾಯ್ತು. ಅವರು ನಿಮ್ಮನ್ನ ಕೇಳದೇ ಅಜ್ಜೀನ ತೆಗೆಯೋಕೆ ಹೊರಟ್ರು, ನಾನು ನಿಮ್ಮನ್ನ ಕೇಳದೇ ಉತ್ತರ ಕೊಟ್ಟೆ. ಇಬ್ರೂ ಒಂದೇ."

ಹೀಗೆ ಒಪ್ಪಿಕೊಳ್ಳುವವನ ಮೇಲೆ ಸಿಟ್ಟಾದರೂ ಎಷ್ಟು ಹೊತ್ತು ನಿಂತೀತು? ನಿಲ್ಲಿಸಿಕೊಳ್ಳಲು ಅವಳು ಬಹಳ ಪ್ರಯತ್ನಪಟ್ಟಳು.

"ಈ ಸಲ ಕೇಳ್ತೀನಿ," ಅಂದ ಅವನು. "ಸಿನಿಮಾ ನಾವೇ ಮಾಡೋಣ್ವಾ? ಇಲ್ಲೇ, ಅಜ್ಜೀನ ಇಟ್ಕೊಂಡೇ. ಮತ್ತೆ... ನನ್ನ ಮದ್ವೆ ಆಗ್ತೀರಾ?"

ಗಗನಾ ಡಬ್ಬಿ ತೆರೆದು ಒಂದು ಪೇಢೆ ಎತ್ತಿಕೊಂಡಳು.

"ಪಾಸ್."

ಅವನ ಮುಖ ಬಿಳಿಚಿಕೊಂಡಿತು. "ಅ... ಅವರ ಪಾಸಾ?"

"ನಮ್ಮಮ್ಮನ ಪಾಸು, ಪೆದ್ದು! ಬಾಯಿ ತೆಗಿ."