ಅಜ್ಜಿಯ ಮುಚ್ಚಳ

ಮೂರನೆಯ ಭಾಷಣಕಾರರು ಮೈಕ್ ಹಿಡಿದು ಅಜ್ಜಿಯನ್ನು 'ಶಾಂತಮೂರ್ತಿ' ಎಂದು ಕರೆದಾಗ ಮೊಮ್ಮಗಳು ಪಿಸುಗೆ ಕೆಮ್ಮು ಬಂತು. ಮೇಜಿನ ಮೇಲಿನ ಫೋಟೋದಲ್ಲಿದ್ದ ಅಜ್ಜಿಗೂ ಕೆಮ್ಮು ಬಂತು. ನನಗಂತೂ ಕೇಳಿಸಿತು.

ಶಾಂತಮೂರ್ತಿಯಂತೆ! ಅಜ್ಜಿ ಸೀನಿದರೆ ಪಕ್ಕದ ಬೀದಿಯ ನಾಯಿಗಳು ಗಂಟುಮೂಟೆ ಕಟ್ಟುತ್ತಿದ್ದವು. ಉತ್ಪ್ರೇಕ್ಷೆ ಎಂದರೆ ನನಗೆ ಆಗುವುದೇ ಇಲ್ಲ, ಆದ್ದರಿಂದ ಇದನ್ನು ಧಾರಾಳವಾಗಿ ನಂಬಬಹುದು.

ಅಜ್ಜಿಯ ಬಳಿ ಒಂದು ಹಳೆಯ ಅಲ್ಯೂಮಿನಿಯಂ ಮುಚ್ಚಳವಿತ್ತು, ಒಂದು ಸೌಟಿತ್ತು. ದಿನಾ ಬೆಳಿಗ್ಗೆ ಸ್ಕೂಲ್ ವ್ಯಾನ್ ಬರುವ ಹೊತ್ತಿಗೆ ಬೀದಿಯ ನಡುವೆ ನಿಂತು ಢಣ್ ಎಂದು ಬಾರಿಸುತ್ತಿದ್ದಳು. ಅಡ್ಡಾದಿಡ್ಡಿ ನಿಂತ ಸ್ಕೂಟರ್‌ಗಳೆಲ್ಲ ಮಾಯ. ವ್ಯಾನ್ ಮಹಾರಾಜರ ಸಾರೋಟಿನಂತೆ ಮನೆ ಬಾಗಿಲಿಗೇ ಬರುತ್ತಿತ್ತು.

ಔಷಧಿ ಅಂಗಡಿಯವರು ಕಾಲು ಮುರಿದುಕೊಂಡಾಗಲೂ ಮುಚ್ಚಳ ಮೊಳಗಿತ್ತು. ಅವರ ಮನೆಗೆ ಸರದಿಯ ಮೇಲೆ ಊಟ ಕೊಡಬೇಕೆಂದು ಅಜ್ಜಿ ಪ್ರತಿ ಬಾಗಿಲಲ್ಲೂ ನಿಂತು ಹೇಳಿದಳು. ಆಗುವುದಿಲ್ಲ ಎಂದವರು ಒಬ್ಬರೂ ಇಲ್ಲ. ಹಾಗೆನ್ನುವ ಗಂಡೆದೆ ಯಾರಿಗಿತ್ತು?

ಅಜ್ಜಿ ತೀರಿಕೊಂಡ ಮೇಲೆ ಬೀದಿಯವರೆಲ್ಲ ಅತ್ತರು. ಸ್ಕೂಟರ್‌ಗಳಿಗೆ ಮಾತ್ರ ಧೈರ್ಯ ಬಂತು. ಮೊದಲು ಒಂದು ಅಡ್ಡ ನಿಂತಿತು, ಅದನ್ನು ನೋಡಿ ಇನ್ನೊಂದು. ವ್ಯಾನ್ ಡ್ರೈವರ್ ಒಳಗೆ ಬರಲಾರೆ ಎಂದ. ಪಿಸು ಈಗ ದಿನಾ ಟೈಲರ್‌ನ ಪುಟ್ಟ ಮಗಳ ಕೈ ಹಿಡಿದು ಮೇನ್ ರೋಡಿನವರೆಗೆ ನಡೆಯಬೇಕಿತ್ತು.

ಇವತ್ತು ಬೆಳಿಗ್ಗೆ ಆ ಪುಟ್ಟಿ ಕೈ ಕೊಸರಿಕೊಂಡು ರೋಡಿಗಿಳಿದಳು. ಒಂದು ಲಾರಿ ಕಿರ್ರೆಂದು ನಿಂತಿತು. ಅವಳ ಮೂಗಿಗೂ ಲಾರಿಗೂ ನಡುವೆ ಒಂದು ಸ್ಕೇಲಿನಷ್ಟು ಜಾಗ. ಹೆದರಿ ಬಿದ್ದವಳ ಮೊಣಕಾಲು ತರಚಿತು. ಇದನ್ನು ಮಾತ್ರ ನಾನು ಒಂದಿಷ್ಟೂ ಹಿಗ್ಗಿಸಿ ಹೇಳುತ್ತಿಲ್ಲ.

ಸ್ಕೂಟರ್‌ಗಳ ವಿಷಯ ಪಿಸು ಮೊದಲೇ ದೊಡ್ಡವರಿಗೆ ಹೇಳದೆ ಇರಲಿಲ್ಲ. ಆದರೆ ಅವಳ ದನಿ ಎಷ್ಟು ಸಣ್ಣದೆಂದರೆ ಇರುವೆಯೂ ಬಗ್ಗಿ ಕಿವಿಗೊಡಬೇಕು. ಅದಕ್ಕೇ ಅಜ್ಜಿ ಅವಳಿಗೆ ಪಿಸು ಎಂದು ಹೆಸರಿಟ್ಟಿದ್ದು. ಕಾಲೇಜಿನಲ್ಲಿ ಪಾಠ ಮಾಡುವ ಚಿಕ್ಕಪ್ಪ, ಕಮಿಟಿಯಲ್ಲಿ ಚರ್ಚಿಸೋಣ ಎಂದಿದ್ದರು. ಔಷಧಿ ಅಂಗಡಿಯವರು ನಿಟ್ಟುಸಿರು ಬಿಟ್ಟು, ಅಜ್ಜಿ ಇದ್ದಿದ್ದರೆ ಹೀಗಾಗುತ್ತಿತ್ತೇ ಎಂದಿದ್ದರು. ನಿಟ್ಟುಸಿರು ಬಿಡುವಾಗ ತಮ್ಮದೇ ಸ್ಕೂಟರಿಗೆ ಒರಗಿದ್ದರು.

ಸಂಜೆ ಬೀದಿಯ ಕೊನೆಯ ಹಾಲ್‌ನಲ್ಲಿ ಅಜ್ಜಿಯ ನೆನಪಿನ ಸಭೆ. ಅಜ್ಜಿಯ ಮೇಲೆ ಎಷ್ಟು ಗೌರವವೆಂದರೆ, ಬಂದವರ ಸ್ಕೂಟರ್‌ಗಳು ಬೀದಿಯಲ್ಲಿ ಎರಡೆರಡು ಸಾಲಾಗಿ ನಿಂತಿದ್ದವು.

"ಈಗ ಮೊಮ್ಮಗಳು ಎರಡು ಮಾತಾಡ್ತಾಳೆ," ಎಂದರು ಚಿಕ್ಕಪ್ಪ.

ಆ ಎರಡು ಮಾತನ್ನೂ ಅವರೇ ಬರೆದುಕೊಟ್ಟಿದ್ದರು. ಪಿಸು ಸ್ಕೂಲ್ ಬ್ಯಾಗ್ ಹೆಗಲಿಗೇರಿಸಿಕೊಂಡೇ ಮೈಕಿನ ಮುಂದೆ ನಿಂತಳು. ಬ್ಯಾಗ್ ಆಮೆಯ ಬೆನ್ನಿನಂತೆ ಉಬ್ಬಿತ್ತು. ಅಮ್ಮ ಬೆಳಿಗ್ಗೆ ಗುಜರಿಗೆಂದು ತೆಗೆದಿಟ್ಟ ಸಾಮಾನಿನಿಂದ ಅವಳು ಏನನ್ನೋ ಎತ್ತಿಟ್ಟುಕೊಂಡಿದ್ದಳು.

"ನಮ್ಮ ಅಜ್ಜಿ ಮೃದುಭಾಷಿ. ಅವರು ಎಂದೂ ದನಿ ಎತ್ತಿದವರಲ್ಲ."

"ಕೇಳಿಸ್ತಿಲ್ಲಮ್ಮಾ," ಎಂದಿತು ಹಿಂದಿನ ಸಾಲು.

ಒಳ್ಳೆಯದೇ ಆಯಿತು, ಕೇಳಿಸಿಕೊಳ್ಳುವಂಥದ್ದೇನೂ ಅದರಲ್ಲಿರಲಿಲ್ಲ. ಪಿಸು ಮುಂದಿನ ಸಾಲು ಓದಲು ಹೋದಳು, ಆಗಲಿಲ್ಲ. ಎದುರಿಗೆ ಟೈಲರ್‌ನ ಮಗಳು ಮೊಣಕಾಲಿನ ಬ್ಯಾಂಡೇಜ್ ಕೆರೆಯುತ್ತಾ ಬಿಸ್ಕೆಟ್ ಚೀಪುತ್ತಿದ್ದಳು. ಪಿಸು ಚೀಟಿ ಮಡಚಿಟ್ಟು ಬ್ಯಾಗಿನ ಜಿಪ್ ಎಳೆದಳು.

"ಪಿಸು, ಅದನ್ನ ಒಳಗಿಡು," ಚಿಕ್ಕಪ್ಪ ಹಲ್ಲು ಕಚ್ಚಿ ಹೇಳಿದರು.

ಢಣ್!

ಆಮೇಲೆ ಆದದ್ದನ್ನು ನನ್ನಷ್ಟು ಚೆನ್ನಾಗಿ ಯಾರೂ ಹೇಳಲಾರರು. ಕುರ್ಚಿಗಳು ಬೋರಲು ಬಿದ್ದವು. ಟೀ ಕಪ್ಪುಗಳು ಗಾಳಿಯಲ್ಲೇ ನಿಂತವು. 'ಶಾಂತಮೂರ್ತಿ' ಎಂದವರು ಒಂದೇ ಚಪ್ಪಲಿಯಲ್ಲಿ ಓಡಿದರು. ಎಲ್ಲರಿಗಿಂತ ಮುಂದೆ ಚಿಕ್ಕಪ್ಪ, ಕೈಯಲ್ಲಿ ಸ್ಕೂಟರ್ ಕೀ. ಯಾರೂ ಯೋಚಿಸಲಿಲ್ಲ, ಕಾಲುಗಳೇ ಓಡಿದವು. ಕಣ್ಣು ಮಿಟುಕಿಸುವಷ್ಟರಲ್ಲಿ ಬೀದಿ ಖಾಲಿ.

ಸ್ಕೂಟರ್ ಹಿಡಿದು ನಿಂತ ಮೇಲೆ ಎಲ್ಲರೂ ಮುಖ ಮುಖ ನೋಡಿಕೊಂಡರು.

"ಅಯ್ಯೋ, ಒಂದು ಕ್ಷಣ ಬಂದೇಬಿಟ್ರು ಅಂದ್ಕೊಂಡೆ," ಎಂದ ಔಷಧಿ ಅಂಗಡಿಯವರು ನಗಲು ಹೋಗಿ ಕನ್ನಡಕ ತೆಗೆದು ಒರೆಸಿಕೊಂಡರು. "ನನ್ನನ್ನ ಕತ್ತೆ ಅಂತಿದ್ರು ಕಣ್ರೀ."

"ಬರೀ ಕತ್ತೆನಾ?" ಟೈಲರ್‌ಗೆ ಅವಮಾನವಾಯಿತು. "ನನ್ನ ಹೊಲಿಗೆ ನೋಡಿ, ಮೂಟೆಗೆ ತೋಳು ಇಟ್ಟಿದ್ದೀಯ ಅಂದಿದ್ರು."

ನಿಜವಾದ ಸಭೆ ಆಗ ಶುರುವಾಯಿತು, ಮೈಕ್ ಇಲ್ಲದೆ. ಯಾರು ಹೆಚ್ಚು ಬೈಸಿಕೊಂಡಿದ್ದರು ಎಂಬುದಕ್ಕೆ ದೊಡ್ಡ ಪೈಪೋಟಿ ನಡೆಯಿತು. ಸೊಸೆಯಾದ ತನ್ನನ್ನು ಯಾರೂ ಮೀರಿಸಲಾರರು ಎಂದು ಅಮ್ಮ ನಗುತ್ತಲೇ ಕಣ್ಣೊರೆಸಿಕೊಂಡಳು. ಚಿಕ್ಕಪ್ಪ ಕೊನೆಗೆ ತಗ್ಗಿದ ದನಿಯಲ್ಲಿ, ಕೆಲಸ ಸಿಕ್ಕ ಮೊದಲ ದಿನವೂ ತಮಗೆ ಬೈಗುಳವೇ ಉಡುಗೊರೆ ಎಂದರು. ಶೂ ಒರೆಸಿರಲಿಲ್ಲವಂತೆ.

ಪಿಸು ಹಾಲ್‌ನ ಮೆಟ್ಟಿಲ ಮೇಲೆ ಮುಚ್ಚಳ ತಬ್ಬಿಕೊಂಡು ಕೂತಿದ್ದಳು. ಪುಟ್ಟಿ ಬಂದು ಒತ್ತಿಕೊಂಡು ಕೂತಳು.

"ಅಕ್ಕಾ, ನಾಳೆ ವ್ಯಾನ್ ಮನೆ ಹತ್ರ ಬರುತ್ತಾ?"

ಅಷ್ಟರಲ್ಲಿ ಬೀದಿಯ ತುದಿಯಲ್ಲಿ ಒಂದು ಸ್ಕೂಟರಿನ ಮುಂದಿನ ಚಕ್ರ, ಯಾರಿಗೂ ಕಾಣದಂತೆ, ಮೆಲ್ಲಗೆ ಒಳಗೆ ತಿರುಗುತ್ತಿತ್ತು. ಪಿಸು ಅದನ್ನೇ ನೋಡಿದಳು. ಅಜ್ಜಿ ಯಾಕೆ ಒಂದು ದಿನವೂ ತಪ್ಪಿಸದೆ ಬಾರಿಸುತ್ತಿದ್ದಳೋ, ಅವಳು ಯಾರನ್ನೂ ಕೇಳಬೇಕಾಗಲಿಲ್ಲ.

"ಬರುತ್ತೆ," ಎಂದಳು.

ಸ್ಕೂಟರಿನವರು ಗಕ್ಕನೆ ತಿರುಗಿ ನೋಡಿದರು. ಚಕ್ರ ಬಂದ ದಾರಿಗೆ ಸುಂಕವಿಲ್ಲ ಎನ್ನುವಂತೆ ಹಿಂದಕ್ಕೆ ಹೊರಳಿತು.

ರಾತ್ರಿ ಮಲಗುವ ಮುನ್ನ ಪಿಸು ಅಲಾರಾಂ ಅರ್ಧ ಗಂಟೆ ಮುಂಚೆಗೆ ಇಟ್ಟಳು. ದಿಂಬಿನ ಪಕ್ಕ ಮುಚ್ಚಳ, ಅದರ ಮೇಲೆ ಸೌಟು.